ತನ್ನ ಬೇಸ್ ತನಗೆ ಕೇಳಬೇಕು, ಕಿವಿಯೂ ಉಳಿಯಬೇಕು: ಆಂಪ್, ಹೆಡ್‌ಫೋನ್, ಇಯರ್‌ಪ್ಲಗ್ ಆರಿಸುವುದು ಹೇಗೆ

ಬ್ಯಾಂಡ್ ಸೇರಿ ಅಭ್ಯಾಸ ಮಾಡುವ ಜ್ಯಾಮ್ ರೂಮಿನಲ್ಲಿ ಮೊದಲು ವಾಲ್ಯೂಮ್ ಏರಿಸುವವರು ಎಷ್ಟೋ ಸಲ ಬೇಸ್ ಗಿಟಾರ್ ನುಡಿಸುವವರೇ. ತಾವು ನುಡಿಸಿದ್ದು ತಮಗೇ ಕೇಳಿಸುತ್ತಿಲ್ಲ ಎಂಬುದೇ ಅದಕ್ಕೆ ಕಾರಣ. ಬೇಸ್ ಏರಿತೆಂದು ಗಿಟಾರಿನವರು ಏರಿಸುತ್ತಾರೆ, ಇಬ್ಬರನ್ನೂ ಮೀರಲು ಡ್ರಮ್ಮರ್ ಇನ್ನಷ್ಟು ಬಿರುಸಾಗಿ ಬಾರಿಸುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಪಕ್ಕದವರ ಕಿವಿಯಲ್ಲಿ ಕೂಗಿದರೂ ಮಾತು ತಿಳಿಯದು. ಹಾಗಾಗಿ ಇಲ್ಲಿ ಪ್ರತಿಯೊಂದು ಸಲಕರಣೆಯನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ತೂಗಿದ್ದೇವೆ: ಇದರಿಂದ ಕಡಿಮೆ ಸದ್ದಿನಲ್ಲೇ ನನ್ನ ಬೇಸ್ ನನಗೆ ಸ್ಪಷ್ಟವಾಗಿ ಕೇಳುತ್ತದೆಯೇ?

ನಾಲ್ಕು ತಂತಿಯ ಬೇಸ್‌ನಲ್ಲಿ ಓಪನ್ (ಎಲ್ಲೂ ಒತ್ತದೆ ಮೀಟಿದ) ಇ ತಂತಿ 41 ಹರ್ಟ್ಸ್, ಎ 55, ಡಿ 73, ಜಿ 98. ಐದು ತಂತಿಯದಾದರೆ ಕೆಳಗಿನ ಬಿ 31. ಕಿವಿ ಚುರುಕಾಗಿರುವುದು 2000ದಿಂದ 5000 ಹರ್ಟ್ಸ್ ಆಸುಪಾಸಿನಲ್ಲಿ. ಮಂದ್ರದಲ್ಲಿ ಅದು ಮಂದ, ಸದ್ದು ತಗ್ಗಿದಷ್ಟೂ ಇನ್ನೂ ಮಂದ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ರೇಖೆಗಳಾಗಿ ತೋರಿಸಿಕೊಟ್ಟರು. ಹಾಗಿದ್ದೂ 8 ಇಂಚಿನ ಪುಟ್ಟ ಸ್ಪೀಕರಿನಲ್ಲಿ ಇ ಸ್ವರ ಇ ಎಂದೇ ಕೇಳುತ್ತದೆ. ಅಂಥ ಸ್ಪೀಕರಿನಿಂದ 41 ಹರ್ಟ್ಸ್ ಹೆಚ್ಚುಕಡಿಮೆ ಹೊರಡುವುದೇ ಇಲ್ಲ. ಅದರ ಜೊತೆ ಹುಟ್ಟುವ 82, 124, 165ರ ಹಾರ್ಮೋನಿಕ್ಸ್ ಕೇಳಿ ಮಿದುಳೇ ಮೂಲ ಸ್ವರವನ್ನು ಕಟ್ಟಿಕೊಳ್ಳುತ್ತದೆ. ಯಾವ ಸ್ವರ ನುಡಿಸಿದೆ, ತಾಳಕ್ಕೆ ಸರಿಯಾಗಿ ಬಿತ್ತೇ ಎಂದು ತಿಳಿಸುವ ಸದ್ದು ಬಹುಪಾಲು 200ರಿಂದ 800 ಹರ್ಟ್ಸ್ ನಡುವೆ ಇದೆ. ಮುಂದೆ ಹೇಳುವ ಸಲಹೆಗಳೆಲ್ಲ ಈ ವ್ಯಾಪ್ತಿಯ ಸುತ್ತಲೇ ತಿರುಗುತ್ತವೆ.

ಮನೆಯಲ್ಲಿ: ಹೆಡ್‌ಫೋನ್ ಪ್ಲಗ್, ಇಂಟರ್‌ಫೇಸ್, ಪುಟ್ಟ ಕಾಂಬೊ

ಗಿಟಾರಿನ ಜ್ಯಾಕಿಗೇ ಸಿಕ್ಕಿಸುವ ಹೆಡ್‌ಫೋನ್ ಪ್ಲಗ್ (ಹೆಡ್‌ಫೋನಿಗೆಂದೇ ಇರುವ ಪುಟ್ಟ ಆಂಪ್ಲಿಫೈಯರ್) ಎಲ್ಲಕ್ಕಿಂತ ಅಗ್ಗ. ವಾಕ್ಸ್ ಆಂಪ್‌ಪ್ಲಗ್‌ನಂಥವು ಎರಡು ಎಎಎ ಸೆಲ್‌ನಲ್ಲಿ ನಡೆಯುತ್ತವೆ. ಫೋನಿನಿಂದ ಹಾಡನ್ನು ಆಕ್ಸ್ ಕೇಬಲ್‌ನಲ್ಲಿ ಕೊಟ್ಟು ಜೊತೆಗೆ ನುಡಿಸಬಹುದು. ಕೊಳ್ಳುವಾಗ ಅದು ಬೇಸ್‌ಗೆಂದೇ ಮಾಡಿದ್ದೇ ಎಂದು ನೋಡಿಕೊಳ್ಳಿ. ಗಿಟಾರಿನ ಮಾದರಿಗಳು ಕೆಳಗಿನ ಸ್ವರಗಳನ್ನು ಕತ್ತರಿಸಿಬಿಡುತ್ತವೆ. ಜ್ಯಾಕ್ ಬೇಸ್‌ನ ಅಂಚಿನಲ್ಲಿದ್ದರೆ, ಕುಳಿತು ನುಡಿಸುವಾಗ ಪ್ಲಗ್ ತೊಡೆಗೋ ಕುರ್ಚಿಗೋ ತಾಗಿ ಜ್ಯಾಕಿನ ನಟ್ ಸಡಿಲವಾಗುತ್ತದೆ. ಒಂದು ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಹಾಕಿದರೆ ಆ ತೊಂದರೆ ತಪ್ಪಿತು.

ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಬೇಸ್‌ನ ಸದ್ದನ್ನು ಅದಕ್ಕೆ ಸೇರಿಸುವ ಆಡಿಯೊ ಇಂಟರ್‌ಫೇಸ್ ಹೆಚ್ಚು ಕಾಲ ಬಾಳುವ ಆಯ್ಕೆ. ರೆಕಾರ್ಡ್ ಮಾಡಿ ಕೇಳಬಹುದು, ಹಾಡಿನ ವೇಗ ತಗ್ಗಿಸಬಹುದು. ಇಲ್ಲಿ ಎಡವುವುದು ಮೂರು ಕಡೆ. ಮೊದಲನೆಯದು ಇನ್‌ಪುಟ್. ಪ್ಯಾಸಿವ್ ಪಿಕಪ್‌ಗೆ (ತಂತಿಯ ಕಂಪನವನ್ನು ಬ್ಯಾಟರಿಯಿಲ್ಲದೆ ಸಿಗ್ನಲ್ ಆಗಿಸುವ ಭಾಗ) ಸುಮಾರು 1 ಮೆಗಾಓಮ್ ಇನ್‌ಪುಟ್ ಬೇಕು, ಆದ್ದರಿಂದ ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊದಂಥವುಗಳಲ್ಲಿ ಇನ್‌ಸ್ಟ್ ಎಂಬ ಸ್ವಿಚ್ ಒತ್ತಲೇಬೇಕು. ಮರೆತರೆ ಬೇಸ್ ಕಂಬಳಿ ಹೊದ್ದಂತೆ ಕೇಳುತ್ತದೆ, ಜನ ತಂತಿ ಹಳೆಯದಾಯಿತೆಂದು ಹೊಸದು ಹಾಕಿಸುತ್ತಾರೆ. ಎರಡನೆಯದು ಗೇನ್, ಅಂದರೆ ಒಳಬರುವ ಸದ್ದಿನ ಮಟ್ಟ: ಇ ತಂತಿಯನ್ನು ನಿಮ್ಮಿಂದಾದಷ್ಟು ಜೋರಾಗಿ ಮೀಟಿ, ಮೀಟರ್ −12ರಿಂದ −6 ಡೆಸಿಬೆಲ್ ನಡುವೆ ನಿಲ್ಲುವಂತೆ ಇಡಿ. ಮೂರನೆಯದು ವಿಳಂಬ. 48 ಕಿಲೋಹರ್ಟ್ಸ್‌ನಲ್ಲಿ ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ) 128 ಇಟ್ಟರೆ ಒಂದು ಕಡೆಗೆ 2.7 ಮಿಲಿಸೆಕೆಂಡ್, ಬೆರಳಿಗೆ ಗೊತ್ತಾಗುವುದಿಲ್ಲ. 1024ಕ್ಕೆ ಬಿಟ್ಟರೆ 21 ಮಿಲಿಸೆಕೆಂಡ್, ತಾಳ ಎಳೆದಂತಾಗುತ್ತದೆ. ವಿಂಡೋಸ್ ಆದರೆ ವಿಳಂಬ ತಗ್ಗಿಸುವ, ಕಂಪನಿಯವರದೇ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ. ಸಾಮಾನ್ಯ ಬ್ಲೂಟೂತ್‌ನ ವಿಳಂಬ 100 ಮಿಲಿಸೆಕೆಂಡ್ ದಾಟುತ್ತದೆ. ನಿಮಿಷಕ್ಕೆ 120 ಬೀಟ್‌ನ ಹಾಡಿನಲ್ಲಿ ಬೀಟ್‌ನ ಕಾಲುಭಾಗವೇ 125 ಮಿಲಿಸೆಕೆಂಡ್.

ಹೆಡ್‌ಫೋನ್ ಆರಿಸುವಾಗ ಕಿವಿಯನ್ನು ಪೂರ್ತಿ ಮುಚ್ಚುವ ಕ್ಲೋಸ್ಡ್ ಮಾದರಿಯೇ ಇರಲಿ. ಫೋನಿನ ಜೊತೆ ಬರುವ ಇಯರ್‌ಬಡ್‌ನಲ್ಲಿ ಸಂದು ಉಳಿಯುತ್ತದೆ, ಆ ಸಂದಿನಿಂದ ಮೊದಲು ಸೋರುವುದು ಮಂದ್ರ. ಸೋರಿದ್ದನ್ನು ತುಂಬಲು ವಾಲ್ಯೂಮ್ ಏರಿಸಿದರೆ ಹಾಡಿನ ಸಿಂಬಲ್, ಗಾಯನವೂ ಏರಿ ಕಿವಿಗೆ ಬಡಿಯುತ್ತವೆ. ಸೋನಿ ಎಂಡಿಆರ್-7506 (63 ಓಮ್), ಆಡಿಯೊ-ಟೆಕ್ನಿಕಾ ಎಂ50ಎಕ್ಸ್ (38 ಓಮ್) ಪುಟ್ಟ ಪ್ಲಗ್‌ಗಳಿಂದಲೂ ಚೆನ್ನಾಗಿ ನಡೆಯುತ್ತವೆ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಕೊಳ್ಳುವುದಾದರೆ 32 ಅಥವಾ 80 ಓಮ್‌ನದು ತೆಗೆದುಕೊಳ್ಳಿ, 250 ಓಮ್‌ನದಕ್ಕೆ ಸೆಲ್ ಪ್ಲಗ್‌ನ ಬಲ ಸಾಲದು. ಮೊದಲು ಬೇಸ್ ಅನ್ನು ಹಿತವಾದ ಮಟ್ಟಕ್ಕೆ ಇಟ್ಟುಕೊಂಡು, ಆಮೇಲೆ ಹಾಡನ್ನು ಅದರ ಕೆಳಗೆ ತನ್ನಿ. ಈ ಕ್ರಮ ತಿರುಗಿಸಿದರೆ ಎರಡೂ ಏರುತ್ತಲೇ ಹೋಗುತ್ತವೆ.

15ರಿಂದ 25 ವ್ಯಾಟ್‌ನ ಕಾಂಬೊ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು), ಅಂದರೆ ಲೇನಿ ಆರ್‌ಬಿ1, ಆರೆಂಜ್ ಕ್ರಷ್ ಬೇಸ್ 25, ಫೆಂಡರ್ ರಂಬಲ್ 25 ವರ್ಗದವು, ಹಗಲು ಹೊತ್ತಿನ ಅಭ್ಯಾಸಕ್ಕೆ ಸಂತೋಷ ಕೊಡುತ್ತವೆ. ಬೆರಳಿನ ಬಲ ಎಷ್ಟು ಏರುಪೇರಾಗುತ್ತಿದೆ ಎಂಬುದು ಹೆಡ್‌ಫೋನ್‌ಗಿಂತ ಗಾಳಿಯಲ್ಲಿ ಕೇಳಿದಾಗ ಚೆನ್ನಾಗಿ ತಿಳಿಯುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇದ್ದರೆ ಮಾತ್ರ ಎಚ್ಚರ. ಗಿಟಾರಿನ ಸದ್ದನ್ನು ಗೋಡೆ ತಡೆಯುತ್ತದೆ, ಬೇಸ್ ಸ್ಲ್ಯಾಬ್‌ನಲ್ಲೇ ಇಳಿದು ಕೆಳಗಿನ ಮನೆಯ ಮಂಚಕ್ಕೆ ಹೋಗುತ್ತದೆ. ಆಂಪ್ ಅಡಿಗೆ ದಪ್ಪ ಫೋಮ್ ಹಾಕಿದರೆ ತಕ್ಕಮಟ್ಟಿಗೆ ತಗ್ಗುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಕಾನೂನಿನ ಮಿತಿ 45 ಡೆಸಿಬೆಲ್, ಆ ಹೊತ್ತಿಗೆ ಹೆಡ್‌ಫೋನ್ ಒಂದೇ ದಾರಿ.

ಹತ್ತು ಬೈ ಹನ್ನೆರಡರ ಕೋಣೆಯ ಬಗ್ಗೆ ಒಂದು ಮಾತು, ಏಕೆಂದರೆ ನಮ್ಮಲ್ಲಿ ಹೆಚ್ಚಿನವರ ಅಭ್ಯಾಸ ಅಂಥದ್ದರಲ್ಲೇ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ನಿಂತುಬಿಡುತ್ತವೆ: ಹತ್ತು ಅಡಿಗೆ ಸುಮಾರು 56 ಹರ್ಟ್ಸ್, ಹನ್ನೆರಡು ಅಡಿಗೆ ಸುಮಾರು 47. ಮೊದಲನೆಯದು ಓಪನ್ ಎ ಬಳಿ ಬರುತ್ತದೆ, ಎರಡನೆಯದು ಇ ತಂತಿಯ ಎರಡನೇ ಫ್ರೆಟ್ ಬಳಿ. ಗೋಡೆಗೆ ಒರಗಿ ಕುಳಿತರೆ ಈ ಎರಡು ಸ್ವರ ಗುಮ್ಮೆಂದು ಉಬ್ಬುತ್ತವೆ, ಕೋಣೆಯ ನಟ್ಟನಡುವೆ ಕುಳಿತರೆ ಅವೇ ಮಾಯ. ಬೇಸ್‌ನಲ್ಲಿ ಡೆಡ್ ಸ್ಪಾಟ್ (ಸ್ವರ ಬೇಗ ಸಾಯುವ ಜಾಗ) ಇದೆ, ಆಂಪ್ ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ ಕುರ್ಚಿಯನ್ನು ಮೂರಡಿ ಸರಿಸಿ ಅದೇ ಸ್ವರ ಮೀಟಿ ನೋಡಿ. ಆಂಪ್ ಅನ್ನು ಮೂಲೆಯಿಂದ ಹೊರಗೆ ತಂದರೆ ಗುಮ್ಮುವಿಕೆ ಇನ್ನಷ್ಟು ಇಳಿಯುತ್ತದೆ.

ಕರೆಂಟಿನಿಂದ ಬರುವ ಹಮ್ ಎಂಬ ಮೊರೆತ ಕೂಡ ಇಲ್ಲಿಯೇ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅದರ ದುಪ್ಪಟ್ಟು 100. ಇ ತಂತಿಯ ಮೂರನೇ ಫ್ರೆಟ್ಟಿನ ಜಿ 49 ಹರ್ಟ್ಸ್, ಓಪನ್ ಜಿ 98. ಅಂದರೆ ಹಮ್ ಹೆಚ್ಚುಕಡಿಮೆ ಜಿ ಸ್ವರದಲ್ಲೇ ಮೊರೆಯುತ್ತದೆ, ಜಿ ನುಡಿಸಿದಾಗ ಶ್ರುತಿ ಅಲುಗಿದಂತೆ ಅಲೆಯಲೆಯಾಗಿ ಕೇಳುತ್ತದೆ. ತಂತಿ ಮುಟ್ಟಿದರೆ ಹಮ್ ಇಳಿದರೆ ಗಾಬರಿ ಬೇಡ, ಅದು ಸಹಜ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ನಿಂತರೆ ತಪ್ಪು ಚಾರ್ಜರಿನದು. ಆದರೆ ಬೇಸ್ ಹಿಡಿದು ಮೈಕಿಗೆ ತುಟಿ ತಾಗಿದಾಗ ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ. ಅದು ಅರ್ತಿಂಗ್ ದೋಷ, ಎಲೆಕ್ಟ್ರಿಷಿಯನ್ ನೋಡಬೇಕಾದದ್ದು. ಹಮ್ ಹೋಗಲೆಂದು ಪ್ಲಗ್‌ನ ದಪ್ಪ ಅರ್ತ್ ಪಿನ್ ಕೀಳುವ ಅಭ್ಯಾಸ ಜೀವಕ್ಕೇ ಅಪಾಯ. ಬೇಸ್ ಅನ್ನು ಮಿಕ್ಸರಿಗೆ ಸೇರಿಸುವ ಡಿಐ ಬಾಕ್ಸಿನಲ್ಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಆ ಕೆಲಸವನ್ನು ಸುರಕ್ಷಿತವಾಗಿ ಮಾಡುತ್ತದೆ.

ಅಮೆರಿಕದಿಂದ ಬಂಧುಗಳ ಕೈಲಿ ಆಂಪ್ ತರಿಸುವವರು ಹಿಂಬದಿಯ ಲೇಬಲ್ ಓದಿ. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230ಕ್ಕೆ ನೇರ ಹಾಕುವಂತಿಲ್ಲ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ತೂಕ ಮತ್ತು ಬೆಲೆ ಸೇರಿಸಿದರೆ ಉಳಿತಾಯವೇನೂ ಉಳಿಯದು.

ಜ್ಯಾಮ್ ರೂಮ್ ಮತ್ತು ವೇದಿಕೆ

ಡ್ರಮ್ಸ್ ಜೊತೆ ನುಡಿಸಲು 25 ವ್ಯಾಟ್ ಸಾಲದು, 40 ವ್ಯಾಟೂ ಒದ್ದಾಡುತ್ತದೆ. ವ್ಯಾಟ್ ದುಪ್ಪಟ್ಟಾದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 40ರದನ್ನು ಮಾರಿ 100ರದು ತರುವುದು ಅಂದುಕೊಂಡಷ್ಟು ದೊಡ್ಡ ಜಿಗಿತವಲ್ಲ. ಮೃದುವಾಗಿ ಬಾರಿಸುವ ಡ್ರಮ್ಮರ್ ಜೊತೆ 12 ಇಂಚಿನ 100 ವ್ಯಾಟ್ ನಡೆದೀತು. ರಾಕ್ ಬ್ಯಾಂಡಿಗಾದರೆ 300 ವ್ಯಾಟ್‌ನಿಂದ ಮೇಲೆ, ಎರಡು 10 ಇಂಚಿನ ಸ್ಪೀಕರ್ ಇರುವುದನ್ನು ನೋಡಿ.

ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜ್ಯಾಮ್ ರೂಮಿನಲ್ಲಿ ಆಂಪ್ ಇದ್ದೇ ಇರುತ್ತದೆ. ವಾರಕ್ಕೊಮ್ಮೆ ಸೇರುವ ಹವ್ಯಾಸಿಗೆ ಸ್ವಂತ ದೊಡ್ಡ ಆಂಪ್ ಬೇಕಿಲ್ಲ ಎಂಬುದೇ ನಮ್ಮ ನಿಲುವು. ಆ ದುಡ್ಡಿನಲ್ಲಿ ದನಿ ತಿದ್ದಿಕೊಳ್ಳಬಹುದಾದ ಒಳ್ಳೆಯ ಪ್ರಿಆಂಪ್ ಡಿಐ ಮತ್ತು ಇಯರ್‌ಪ್ಲಗ್ ಕೊಂಡರೆ ಎಲ್ಲಿ ಹೋದರೂ ನಿಮ್ಮ ದನಿ ನಿಮ್ಮ ಬ್ಯಾಗಿನಲ್ಲೇ ಇರುತ್ತದೆ. ಕೊಳ್ಳಲೇಬೇಕೆಂದರೆ ಕಾಂಬೊ ಒಂದೋ, ಹೆಡ್ (ಸ್ಪೀಕರ್ ಇಲ್ಲದ ಆಂಪ್) ಮತ್ತು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಬೇರೆ ಬೇರೆಯೋ ಎಂಬ ಪ್ರಶ್ನೆ ಬರುತ್ತದೆ. ಆಟೋದಲ್ಲಿ ಓಡಾಡುವವರಿಗೆ ಬೇರೆ ಬೇರೆಯೇ ಅನುಕೂಲ, ಕ್ಲಾಸ್ ಡಿ ಹೆಡ್‌ಗಳು ಎರಡು ಮೂರು ಕೆ.ಜಿ. ಮಾತ್ರ ತೂಗುತ್ತವೆ. ಓಮ್ ಲೆಕ್ಕ ತಪ್ಪಬಾರದು: 8 ಓಮ್‌ನ ಎರಡು ಕ್ಯಾಬಿನೆಟ್ ಸೇರಿದರೆ 4 ಓಮ್. ಹೆಡ್‌ನ ಕನಿಷ್ಠ 4 ಎಂದಿದ್ದರೆ ಮೂರನೆಯದು ಸೇರಿಸುವಂತಿಲ್ಲ. ಹೆಡ್‌ನಿಂದ ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಹಾಕಬೇಡಿ, ಅದರ ಒಳತಂತಿ ಸಣ್ಣದು, ಬಿಸಿಯಾಗಿ ಕೈಕೊಡುತ್ತದೆ. ಸ್ಪೀಕರ್ ಕೇಬಲ್ ಬೇರೆಯೇ ಇದೆ.

ಇನ್ನು, ಇದ್ದ ಆಂಪ್‌ನಲ್ಲೇ ಹೆಚ್ಚು ಕೇಳಿಸಿಕೊಳ್ಳುವ ಬಗೆ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಬೇಸ್ ಮತ್ತು ಟ್ರೆಬಲ್ ಏರಿಸಿ ಮಿಡ್ ಇಳಿಸಿದ ದನಿ ಸೊಗಸಾಗಿರುತ್ತದೆ. ಅದೇ ದನಿ ಬ್ಯಾಂಡಿನೊಳಗೆ ಕರಗಿಹೋಗುತ್ತದೆ: ಕೆಳಗಿನದನ್ನು ಕಿಕ್ ಡ್ರಮ್ ನುಂಗುತ್ತದೆ, ಮೇಲಿನದನ್ನು ಸಿಂಬಲ್. ಆದ್ದರಿಂದ ಎಲ್ಲ ನಾಬ್‌ಗಳನ್ನೂ ಮೊದಲು ಹನ್ನೆರಡು ಗಂಟೆಯ ಗುರುತಿಗೆ ತನ್ನಿ. ಬೇಸ್ ನಾಬನ್ನು ಹತ್ತು ಗಂಟೆಯ ಗುರುತಿಗೆ ಇಳಿಸಿ, ಮಿಡ್ ಅನ್ನು ಎರಡು ಗಂಟೆಯದಕ್ಕೆ ಏರಿಸಿ. ಮಿಡ್‌ನ ಫ್ರೀಕ್ವೆನ್ಸಿ ಬದಲಿಸುವ ಸೌಲಭ್ಯವಿದ್ದರೆ 400ರಿಂದ 500 ಹರ್ಟ್ಸ್‌ನಲ್ಲಿ ಇಡಿ. ತೀರಾ ಕೆಳಗಿನ ಸದ್ದನ್ನು ಕತ್ತರಿಸುವ ಹೈಪಾಸ್ ಇದ್ದರೆ 35 ಹರ್ಟ್ಸ್ ಸುತ್ತ. ಒಂಟಿಯಾಗಿ ಕೇಳಿದರೆ ಮೂಗಿನಲ್ಲಿ ಹಾಡಿದಂತೆ ಅನ್ನಿಸೀತು, ಎಲ್ಲರೂ ಶುರು ಮಾಡಿದ ಮೇಲೆ ಒಂದೊಂದು ಸ್ವರವೂ ಬಿಡಿಸಿಟ್ಟಂತೆ ಕೇಳುತ್ತದೆ. ನೆಲದ ಮೇಲಿನ ಸ್ಪೀಕರ್ ಮೀನಖಂಡಕ್ಕೆ ನುಡಿಯುತ್ತಿರುತ್ತದೆ, ಕಿವಿ ಇರುವುದು ಐದಡಿ ಮೇಲೆ. ಗಟ್ಟಿ ಬೆಂಚಿನ ಮೇಲೆ ಎತ್ತಿಡಿ, ಆಗದಿದ್ದರೆ ಹಿಂದಕ್ಕೆ ಓರೆ ಮಾಡಿ, ನೀವು ಎರಡು ಹೆಜ್ಜೆ ಮುಂದೆ ಬನ್ನಿ. ಇಷ್ಟೆಲ್ಲ ಆದ ಮೇಲೂ ಕೇಳದಿದ್ದರೆ ಮಾತ್ರ ವಾಲ್ಯೂಮ್ ಮುಟ್ಟಿ.

ಗಣೇಶೋತ್ಸವದ ಆರ್ಕೆಸ್ಟ್ರಾ, ಚರ್ಚ್ ಬ್ಯಾಂಡ್, ಕಾಲೇಜು ಉತ್ಸವಗಳಲ್ಲಿ ಬೇಸ್ ಬಹುತೇಕ ಡಿಐ ಮೂಲಕ ನೇರ ಮಿಕ್ಸರಿಗೆ ಹೋಗುತ್ತದೆ. ಜನರ ಕಡೆಗಿರುವ ಸಬ್‌ವೂಫರಿನ ಮಂದ್ರ ಹಿಂದಕ್ಕೂ ಸುತ್ತಿ ಬಂದು ವೇದಿಕೆಯಲ್ಲಿ ಕಲಸಿದಂತೆ ಕೇಳುತ್ತದೆ. ಸೌಂಡಿನವರ ಬಳಿ "ಬೇಸ್ ಜಾಸ್ತಿ ಕೊಡಿ" ಎಂದರೆ ಕಲಸುವುದು ಇನ್ನೂ ಹೆಚ್ಚುತ್ತದೆ. "ಅಣ್ಣ, ನನ್ನ ಮಾನಿಟರಿನಲ್ಲಿ ನೂರರ ಕೆಳಗೆ ಕಟ್ ಮಾಡಿ, ಮಿಡ್ ಸ್ವಲ್ಪ ಎತ್ತಿ" ಎಂದು ಕೇಳಿ.

ಕಿವಿಗೆ ಏನು ಹಾಕುವುದು

ಬೇಸ್ ನುಡಿಸುವವರ ಕಿವಿ ಕೆಡಿಸುವುದರಲ್ಲಿ ಬೇಸ್‌ಗಿಂತ ಸಿಂಬಲ್, ಸ್ನೇರ್, ಡಿಸ್ಟಾರ್ಷನ್ ಗಿಟಾರ್‌ಗಳ ಪಾಲು ದೊಡ್ಡದು. ಡ್ರಮ್ಮರ್ ಜೊತೆ ತಾಳ ಕೂಡಲೆಂದು ಹೈಹ್ಯಾಟ್ ಪಕ್ಕ ನಿಲ್ಲುವ ರೂಢಿಯಿದೆ, ಆಗ ಆ ಬದಿಯ ಕಿವಿ ಸಿಂಬಲ್ ಎತ್ತರಕ್ಕೇ ಸಿಗುತ್ತದೆ. ಒಂದೂವರೆ ಮೀಟರ್ ದೂರ ನಿಲ್ಲಿ.

ಕೆಲಸದ ಜಾಗದ ಸುರಕ್ಷತೆ, ಆರೋಗ್ಯವನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆಯ ಲೆಕ್ಕ ಹೀಗಿದೆ: 85 ಡೆಸಿಬೆಲ್ (ಎ) ಮಟ್ಟದಲ್ಲಿ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ, 103ಕ್ಕೆ ಏಳೂವರೆ ನಿಮಿಷ. ಮುಚ್ಚಿದ ಕೋಣೆಯಲ್ಲಿ ಡ್ರಮ್ಸ್ ಸೇರಿದರೆ 100 ದಾಟುವುದು ಅಪರೂಪವೇನಲ್ಲ. 103ರ ಕೋಣೆಯಲ್ಲಿ 15 ಡೆಸಿಬೆಲ್ ತಗ್ಗಿಸುವ ಪ್ಲಗ್ ಹಾಕಿದರೆ ಕಿವಿಗೆ ಬೀಳುವುದು 88, ಏಳೂವರೆ ನಿಮಿಷ ನಾಲ್ಕು ಗಂಟೆಯಾಗುತ್ತದೆ. ಅಳೆಯಲು ಐಫೋನ್‌ನಲ್ಲಿ ನಿಯೋಷ್‌ನದೇ ಉಚಿತ ಆ್ಯಪ್ ಇದೆ. ಕಿವಿಯ ಚುರುಕಿಗೆ ಹೊಂದಿಸಿದ ಎ ತೂಕದ ಅಳತೆ 50 ಹರ್ಟ್ಸ್‌ನಲ್ಲಿ ಸುಮಾರು 30 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ಮಂದ್ರವನ್ನೂ ಹೆಚ್ಚುಕಡಿಮೆ ಪೂರ್ತಿ ಎಣಿಸುವ ಸಿ ತೂಕಕ್ಕೆ ಬದಲಿಸಿದಾಗ ಅಂಕಿ 15ರಷ್ಟು ಜಿಗಿದರೆ ಕೋಣೆಯಲ್ಲಿ ಮಂದ್ರ ಅತಿಯಾಗಿದೆ ಎಂದರ್ಥ, ಆಗ ಬೇಸ್ ನಾಬ್ ಇಳಿಸುವುದೇ ಸರಿ.

ಫೋಮ್ ಪ್ಲಗ್ ಒಂದು ಜೋಡಿಗೆ ಹತ್ತಿಪ್ಪತ್ತು ರೂಪಾಯಿ. 3ಎಂ 1100ರ ಎನ್‌ಆರ್‌ಆರ್ (ಸದ್ದು ತಗ್ಗಿಸುವ ಬಲದ ಅಂಕಿ) 29 ಡೆಸಿಬೆಲ್. ಎಲ್ಲಕ್ಕಿಂತ ಹೆಚ್ಚು ಸದ್ದು ತಡೆಯುವುದು ಇದೇ, ಆದರೆ ಮೇಲಿನ ಸ್ವರಗಳನ್ನು ಹೆಚ್ಚು ತಿನ್ನುತ್ತದೆ. ಸಿಂಬಲ್ ಸತ್ತಂತೆ, ಮಾತು ಮಡಕೆಯೊಳಗಿಂದ ಬಂದಂತೆ ಕೇಳುತ್ತದೆ. ಅರ್ಧಂಬರ್ಧ ತುರುಕಿದರೆ ಸಂದಿನಿಂದ ಮಂದ್ರ ಒಳನುಗ್ಗಿ ಬರೀ ಗುಮ್ಮೆನ್ನುತ್ತದೆ, ಬಹಳ ಜನ ಇಷ್ಟಕ್ಕೇ ಬೇಸತ್ತು ಬಿಡುತ್ತಾರೆ. ಸರಿಯಾಗಿ ಹಾಕುವುದು ಹೀಗೆ: ಬೆರಳುಗಳ ನಡುವೆ ಹೊಸೆದು ಸುಕ್ಕಿಲ್ಲದ ತೆಳು ಬತ್ತಿಯಂತೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಒಳದಾರಿ ನೇರವಾಗುತ್ತದೆ. ಒಳಗಿಟ್ಟು ಅರಳುವವರೆಗೆ ಮೂವತ್ತು ಎಣಿಸುತ್ತ ಬೆರಳಲ್ಲಿ ಒತ್ತಿ ಹಿಡಿಯಿರಿ.

ಫಿಲ್ಟರ್ ಇರುವ ಸಿಲಿಕಾನ್ ಪ್ಲಗ್, ಎಟಿಮೋಟಿಕ್ ಇಆರ್20ಎಕ್ಸ್‌ಎಸ್ ಅಥವಾ ಆಲ್ಪೈನ್ ಮ್ಯೂಸಿಕ್‌ಸೇಫ್‌ನಂಥದು, ಹೆಚ್ಚಿನ ಹವ್ಯಾಸಿಗಳಿಗೆ ನಮ್ಮ ಮೊದಲ ಶಿಫಾರಸು. ಮೇಲಿನದನ್ನೂ ಕೆಳಗಿನದನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವುದರಿಂದ ಹಾಡು ಹಾಡಿನಂತೆಯೇ ಇರುತ್ತದೆ, ದೂರ ಸರಿದಂತೆ ಅಷ್ಟೆ. ಅಳತೆ ಮಾತ್ರ ಕಿವಿಗೆ ಕೂಡಬೇಕು. ಪ್ಲಗ್ ಹಾಕಿ, ಅಂಗೈಗಳಿಂದ ಕಿವಿ ಪೂರ್ತಿ ಮುಚ್ಚಿ ತೆರೆಯಿರಿ. ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಪ್ಲಗ್ ಸೋರುತ್ತಿದೆ, ಬೇರೆ ಅಳತೆಯ ತುದಿ ಹಾಕಿ. ಮೊದಲ ಸಲ ಬ್ಯಾಂಡಿನ ಜೊತೆ ಹಾಕಬೇಡಿ, ಮನೆಯಲ್ಲಿ ಒಂದು ವಾರ ಅಭ್ಯಾಸ ಮಾಡಿಕೊಳ್ಳಿ. ಪ್ಲಗ್ ಹಾಕಿದ ಮೇಲೆ ಬೆರಳಿನ ಸದ್ದು ಕೇಳದೆ ಬಿಗಿಯಾಗಿ ಮೀಟಲು ಶುರು ಮಾಡುವವರಿದ್ದಾರೆ, ಮುಂಗೈ ನೋವು ಅಲ್ಲಿಂದ ಬರುತ್ತದೆ.

ಕೋರಸ್ ಹಾಡುವ ಬೇಸ್ ವಾದಕರಿಗೆ ಇನ್ನೊಂದು ತೊಡಕು. ಕಿವಿ ಮುಚ್ಚಿದಾಗ ತಮ್ಮ ದನಿ ತಲೆಬುರುಡೆಯೊಳಗೇ ಮೊಳಗುತ್ತದೆ. ಪ್ಲಗ್ ಮೇಲುಮೇಲೆ ಕೂತಷ್ಟೂ ಇದು ಜಾಸ್ತಿ, ಆಳಕ್ಕೆ ಕೂತರೆ ಕಡಿಮೆ. ಇವರಿಗೆ ಅಚ್ಚು ತೆಗೆಸಿ ಮಾಡಿಸಿದ ಕಸ್ಟಮ್ ಪ್ಲಗ್ ದುಡ್ಡಿಗೆ ತಕ್ಕ ಬೆಲೆ ಕೊಡುತ್ತದೆ. 9, 15, 25 ಡೆಸಿಬೆಲ್‌ನ ಫಿಲ್ಟರ್‌ಗಳನ್ನು ಬದಲಿಸಿಕೊಳ್ಳಬಹುದು, ಬ್ಯಾಂಡಿಗೆ 15 ಸರಿಯಾದ ಶುರು. ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಬಳಿ ಅಚ್ಚು ಕೊಡುವಾಗ ಹಾಡುವವರೆಂದು ಮೊದಲೇ ಹೇಳಿ. ದವಡೆ ಆಡಿದಾಗ ಕಿವಿಯ ದಾರಿಯ ಆಕಾರ ಬದಲಾಗುತ್ತದೆ, ಆದ್ದರಿಂದ ಬಾಯಿ ತೆರೆದ ಸ್ಥಿತಿಯಲ್ಲಿ ಅಚ್ಚು ತೆಗೆಯುತ್ತಾರೆ.

ಇನ್‌ಇಯರ್ ಮಾನಿಟರ್ ಎರಡೂ ಕೆಲಸ ಮಾಡಬಲ್ಲದು, ಹೊರಗಿನದನ್ನು ತಡೆದು ನಿಮಗೆ ಬೇಕಾದ್ದನ್ನು ಕೊಡುತ್ತದೆ. ಬೆಹ್ರಿಂಗರ್ ಪಿ2ನಂಥ ಸೊಂಟದ ಪುಟ್ಟ ಆಂಪ್ ಮತ್ತು ವೈರಿನ ಇನ್‌ಇಯರ್ ಸಾಕು, ಬೇಸ್ ನುಡಿಸುವವರಿಗೆ ಹೇಗೂ ಒಂದು ವೈರ್ ಇದ್ದೇ ಇದೆ. ಫೋಮ್ ತುದಿ ಹಾಕಿದರೆ ಮಂದ್ರ ನಿಲ್ಲುತ್ತದೆ. ಮಿಕ್ಸ್‌ನಲ್ಲಿ ಬೇಸ್, ಕಿಕ್, ಸ್ವಲ್ಪ ಹೈಹ್ಯಾಟ್, ಮುಖ್ಯ ಗಾಯನ ಇದ್ದರೆ ಆಯಿತು. ಆದರೆ ಮಿಕ್ಸರಿನಲ್ಲಿ ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಇಲ್ಲದಿದ್ದರೆ ನಾವು ಇದನ್ನು ಶಿಫಾರಸು ಮಾಡುವುದಿಲ್ಲ, ಯಾರೋ ಮೈಕ್ ಕೇಬಲ್ ಕಿತ್ತರೆ ಆ ಢಬ್ ನೇರ ಕಿವಿಯೊಳಗೆ. ಒಂದನ್ನು ತೆಗೆದು ಒಂದೇ ಕಿವಿಯಲ್ಲಿ ಕೇಳುವುದು ಎಲ್ಲಕ್ಕಿಂತ ಕೆಟ್ಟದ್ದು. ಬರಿಗಿವಿಗೆ ವೇದಿಕೆಯ ಪೂರ್ತಿ ಸದ್ದು ಬೀಳುತ್ತದೆ, ಅದನ್ನು ಮೀರಿಸಲು ಇನ್ನೊಂದರ ವಾಲ್ಯೂಮ್ ಏರುತ್ತದೆ.

ಯಾವುದನ್ನೇ ಹಾಕಿದರೂ ಒದ್ದೆ ಕಿವಿಗೆ ಹಾಕಬೇಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಿವಿಯೊಳಗೆ ಬೂಷ್ಟು ಬೆಳೆಯುವುದು ಸಾಮಾನ್ಯ. ಸಿಲಿಕಾನ್ ತುದಿಯನ್ನು ಫಿಲ್ಟರ್ ತೆಗೆದು ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಹತ್ತಿ ಸುತ್ತಿದ ಕಡ್ಡಿಯಿಂದ ಗುಗ್ಗೆ ತೆಗೆಯಲು ಹೋದರೆ ಅದು ಒಳಕ್ಕೇ ಸರಿಯುತ್ತದೆ.

ದುಡ್ಡು ಹಂಚುವುದು

ಈಗಷ್ಟೇ ಬೇಸ್ ಕೊಂಡವರು ಹೆಡ್‌ಫೋನ್ ಪ್ಲಗ್, ಕ್ಲೋಸ್ಡ್ ಹೆಡ್‌ಫೋನ್, ಒಂದು ಪ್ಯಾಕೆಟ್ ಫೋಮ್ ಇಷ್ಟರಲ್ಲಿ ಆರು ತಿಂಗಳು ಕಳೆಯಬಹುದು. ಬ್ಯಾಂಡ್ ಸೇರಿದ ದಿನವೇ ಫಿಲ್ಟರ್ ಪ್ಲಗ್ ಬರಲಿ, ಆಂಪ್ ಆಮೇಲೆ. ಈಗಾಗಲೇ ಕಿವಿಯಲ್ಲಿ ಗುಂಯ್ ಇರುವವರು ಪೆಡಲ್, ಹೊಸ ಪಿಕಪ್ ಎಲ್ಲ ಬದಿಗಿಟ್ಟು ಮೊದಲು ಕಸ್ಟಮ್ ಪ್ಲಗ್ ಮಾಡಿಸಿ.

ಕಿವಿ ಪರೀಕ್ಷೆ

ವರ್ಷಕ್ಕೊಮ್ಮೆ ಪ್ಯೂರ್ ಟೋನ್ ಆಡಿಯೊಮೆಟ್ರಿ ಮಾಡಿಸಿ. ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ, ದೊಡ್ಡ ಆಸ್ಪತ್ರೆಗಳ ಇಎನ್‌ಟಿ ವಿಭಾಗಗಳಲ್ಲೂ ಇರುತ್ತದೆ. ಮಾಮೂಲಿ 250ರಿಂದ 8000 ಹರ್ಟ್ಸ್ ಜೊತೆ 3000 ಮತ್ತು 6000ವನ್ನೂ ನೋಡಲು ಕೇಳಿಕೊಳ್ಳಿ, ಸದ್ದಿನ ಪೆಟ್ಟು ಮೊದಲು 3000–6000ರ ನಡುವೆ, ಹೆಚ್ಚಾಗಿ 4000ದ ಬಳಿ ತಗ್ಗಾಗಿ ಕಾಣುತ್ತದೆ. ಪರೀಕ್ಷೆಯ ಹಿಂದಿನ ದಿನ ಜ್ಯಾಮ್ ಬೇಡ. ಜ್ಯಾಮ್ ಮುಗಿದ ಮರುದಿನ ಬೆಳಗ್ಗೆಯೂ ಗುಂಯ್ ಎನ್ನುತ್ತಿದ್ದರೆ ಹಿಂದಿನ ದಿನದ ಸದ್ದು ಅತಿಯಾಗಿತ್ತು, ಮುಂದಿನ ಸಲ ಹೆಚ್ಚಿನ ಫಿಲ್ಟರ್ ಹಾಕಿ ಅಥವಾ ಸಮಯ ಕಡಿಮೆ ಮಾಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಗುಗ್ಗೆ ಇರಬೇಕೆಂದು ಎಣ್ಣೆ ಬಿಟ್ಟು ಕಾಯುತ್ತ ಕೂರಬೇಡಿ. ಅದೇ ದಿನ, ತಪ್ಪಿದರೆ ಮರುದಿನ ಇಎನ್‌ಟಿ ವೈದ್ಯರಲ್ಲಿಗೆ ಹೋಗಿ. ಆ ತೊಂದರೆಗೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದೊಳಗೆ, ಎಷ್ಟು ಬೇಗ ಸಿಕ್ಕರೆ ಅಷ್ಟು ಫಲ ಕೊಡುತ್ತದೆ.